ಹೋವಾಳ ಮನೆಯ ಹೂಯಿ

ಹೋವಾಳ ಗಂಡ ಲೋಕ್‌ನ ಲಾರಿಯ ಎಂಜಿನ್ ಕೈಕೊಟ್ಟಿತು. ಸ್ಯಾನ್ ಪೀಡ್ರೊ ಬಂದರಿನಿಂದ ಕಂಟೇನರ್ ಸಾಗಿಸುವವನಿಗೆ ಲಾರಿಯೇ ಅನ್ನ. ಗುರುವಾರ ಲಾರಿ ಗೇಟಿಗೆ ಬರದಿದ್ದರೆ ಕೆಲಸ ಬೇರೆಯವರಿಗೆ ಎಂದು ಕಂಪನಿಯವರು ಹೇಳಿಬಿಟ್ಟಿದ್ದರು. ಬ್ಯಾಂಕು ಸಾಲ ಕೊಡಲಿಲ್ಲ. ಮದುವೆಯ ಬಂಗಾರ ಹೋದ ವರ್ಷವೇ ಮಾವನ ಆಸ್ಪತ್ರೆ ಖರ್ಚಿಗೆ ಕರಗಿತ್ತು. ಉಳಿದದ್ದು ಭಾನುವಾರದ ಹೂಯಿ ಒಂದೇ.

ಹೂಯಿ ಎಂದರೆ ವಿಯೆಟ್ನಾಮಿನವರ ಚೀಟಿ. ಪಕ್ಕದ ಮನೆಯವಳೆಂದು ನನ್ನನ್ನೂ ಸೇರಿಸಿಕೊಂಡಿದ್ದರು. ಬಂದರಿನ ಆಫೀಸಿನಲ್ಲಿರುವ ನನ್ನ ಗಂಡ ಸಂಗನಬಸಪ್ಪನವರಿಗೆ ಇದು ಹಿಡಿಸುತ್ತಿರಲಿಲ್ಲ.

"ಸಹಿ ಇಲ್ಲ, ರಸೀದಿ ಇಲ್ಲ. ಏನ್ ನೋಡಿ ರೊಕ್ಕ ಕೊಡ್ತಿ, ಜಯದೇವಿ?"

"ಅವ್ರ ಮಾರಿ ನೋಡಿ ಕೊಡ್ತೀನ್ರಿ," ಎನ್ನುತ್ತಿದ್ದೆ.

ನಮ್ಮೂರಿನ ಚೀಟಿಯಲ್ಲಿ ಹರಾಜು ಕೂಗುತ್ತೇವೆ, ಕಷ್ಟ ಹೇಳಿಕೊಂಡು ಕಾಡಿ ಬೇಡುತ್ತೇವೆ. ಇಲ್ಲಿ ಹಾಗಲ್ಲ. ಎಷ್ಟು ಬಡ್ಡಿ ಬಿಟ್ಟುಕೊಡುತ್ತೀರೆಂದು ತುಂಡು ಕಾಗದದಲ್ಲಿ ಬರೆದು ಮಡಚಿ ಕೊಡಬೇಕು. ಹೆಚ್ಚು ಬರೆದವಳಿಗೆ ಆ ತಿಂಗಳ ಗಂಟು. ಉಳಿದವರು ಅಷ್ಟು ಮುರಿದುಕೊಂಡು ಕಂತು ಕೊಡುತ್ತಾರೆ. ಯಾಕೆ ಬೇಕೆಂದು ಬಾಯಿಬಿಟ್ಟರೆ ಮರ್ಯಾದೆ ಹೋದಂತೆ. ಯಜಮಾನಿಕೆ ಹೋವಾಳ ಅತ್ತೆಯದು, ಸೊಸೆಯೆಂದು ಎಳ್ಳಷ್ಟೂ ಸಡಿಲಿಸುವವಳಲ್ಲ.

ಆ ಭಾನುವಾರ ಸ್ಯಾನ್ ಡಿಯಾಗೊದಿಂದ ನಮ್ಮ ಹೂಯಿಯ ಇನ್ನೊಬ್ಬ ಸದಸ್ಯೆ ತೂಯೆಟ್ ಬಂದಿದ್ದಳು. ಮಗಳ ಮದುವೆ ಹತ್ತಿರವಿತ್ತು, ಅವಳು ಹೆಚ್ಚು ಬರೆಯುವುದು ಖಚಿತ. ಅವಳನ್ನು ಮೀರಿಸಲು ಬಡ್ಡಿ ಏರಿಸಿದರೆ ಸಿಕ್ಕ ಹಣ ಎಂಜಿನ್ನಿಗೆ ಸಾಲದು. ಹೋವಾ ಪೆನ್ನು ಹಿಡಿದು ಬೆವರುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಲೋಕ್‌ನ ಲಾರಿ ಕೆಟ್ಟಿದೆ. ಈ ತಿಂಗಳ ಹಣ ಇವಳಿಗೇ ಬೇಕು!" ಎಂದು ನನ್ನ ಇಂಗ್ಲಿಷಿನಲ್ಲಿ ಒದರಿಬಿಟ್ಟೆ.

ಹೋವಾಳ ಮುಖ ಕೆಂಪಾಯಿತು. ಅತ್ತೆ ನನ್ನನ್ನು ನುಂಗುವಂತೆ ನೋಡಿದಳು. ತೂಯೆಟ್ ಪೆನ್ನಿನ ಮುಚ್ಚಳ ಹಾಕಿ, ಕಾಗದ ಮಡಚಿ ಮೇಜಿನ ಮೇಲಿಟ್ಟಳು.

ಅತ್ತೆ ಒಂದೊಂದಾಗಿ ಬಿಚ್ಚಿದಳು. ಖಾಲಿ. ಖಾಲಿ. ತೂಯೆಟ್‌ದೂ ಖಾಲಿ! ಅಂಕಿ ಇದ್ದದ್ದು ಹೋವಾಳ ಕಾಗದದಲ್ಲಿ ಮಾತ್ರ. ನನಗೆ ಕುಣಿಯಬೇಕೆನ್ನಿಸಿತು.

"ಸೊಸೆ ನೂರು ಡಾಲರ್ ಬಡ್ಡಿ ಬರೆದಿದ್ದಾಳೆ. ನಿಯಮ ನಿಯಮವೇ. ಅಷ್ಟು ಮುರಿದುಕೊಂಡು ಕೊಡಿ," ಎಂದಳು ಅತ್ತೆ, ಬಿಗಿದ ಮುಖದಲ್ಲೇ.

ತೂಯೆಟ್ ಪೂರ್ತಿ ಕಂತನ್ನು ಹೋವಾಳ ಮುಂದೆ ಇಟ್ಟಳು. "ನನಗೆ ಕಳೆಯುವ ಲೆಕ್ಕ ಬರೋದಿಲ್ಲ," ಎಂದಳು. ಅವಳು ಎರಡು ಅಂಗಡಿ ನಡೆಸುವವಳು!

ಆಮೇಲೆ ನೋಡಿ, ಆ ಮನೆಯಲ್ಲಿ ಒಬ್ಬರಿಗೂ ಕಳೆಯಲು ಬರಲಿಲ್ಲ. ಅತ್ತೆ ಮುಖ ತಿರುಗಿಸಿ ಸೆರಗಿಲ್ಲದ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ನಾನು ಹೋವಾಳನ್ನು ತಬ್ಬಿಕೊಂಡು ಅತ್ತೇಬಿಟ್ಟೆ.

ಗುರುವಾರ ಬೆಳಗ್ಗೆ ಸಂಗನಬಸಪ್ಪನವರ ಫೋನ್ ಬಂತು. ಹಿಂದೆ ಯಾವುದೋ ಲಾರಿ ಬಿಡದೆ ಹಾರ್ನ್ ಹೊಡೆಯುತ್ತಿತ್ತು.

"ಕೇಳ್ಸಾಕತ್ತೈತೇನ, ಜಯಾ? ಲೋಕ್ ಬಂದಾನ! ಗೇಟ್ ದಾಟಿದ ನೋಡ!" ಎಂದು ಅವರು ಆಫೀಸಿನಲ್ಲಿರುವುದನ್ನೂ ಮರೆತು ಕೂಗಿದರು. "ಮುಂದಿನ ತಿಂಗಳದ ಕಂತು ನಾನ ಕೊಟ್ಟು ಬರ್ತೀನಿ."