ಅಪ್ಪ ನೀರು ಹಾಕಿದ ಅಡೇನಿಯಂ

ಅಡೇನಿಯಂ ಗಿಡದ ಬುಡದ ಗೆಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಕಲ್ಲಿನ ಹಾಗೆ ಗಟ್ಟಿಯಿರಬೇಕಾದದ್ದು ಕೊಳೆತ ಟೊಮೆಟೊ ಹಾಗೆ ಒಳಗೆ ಹೋಯಿತು. ಮೈಯೆಲ್ಲ ಉರಿದುಹೋಯಿತು.

"ಯಾರು ಇದಕ್ಕೆ ನೀರು ಹಾಕಿದ್ದು?" ಎಂದು ಮಹಡಿಯಿಂದಲೇ ಕೂಗಿದೆ.

ಕೇಳುವ ಅಗತ್ಯವೇ ಇರಲಿಲ್ಲ. ನಮ್ಮಪ್ಪ ವಾಲ್ವ್‌ಮನ್. ಬೀದಿ ಬೀದಿಗೆ ನೀರು ಬಿಡುವುದೇ ಅವನ ಕೆಲಸ. ದಾರಿಯಲ್ಲಿ ಬಾಡಿದ ಗಿಡ ಕಂಡರೆ ಬೈಕ್ ನಿಲ್ಲಿಸಿ ತನ್ನ ಬಾಟಲಿ ಖಾಲಿ ಮಾಡಿ ಬರುವ ಮನುಷ್ಯ.

ಹಲ್ಲುಜ್ಜುತ್ತಲೇ ಮೆಟ್ಟಿಲು ಹತ್ತಿ ಬಂದ. "ಎಲೆ ಎಲ್ಲಾ ಉದುರಿ ಬೋಳಾಗಿತ್ತಲ್ಲೇ. ಪಾಪ ಅನ್ನಿಸ್ತು. ಒಂದೊಂದು ಚೊಂಬು, ಅಷ್ಟೆ."

"ಒಂದೊಂದು ಅಂದ್ರೆ? ದಿನಾನಾ?"

"ಮತ್ತೆ? ನೀನು ದಿನಾ ಊಟ ಮಾಡಲ್ವಾ?"

"ಅಪ್ಪಾ, ಚಳಿಗೆ ಎಲೆ ಉದುರಿಸಿ ಸುಮ್ನೆ ಮಲಗಿತ್ತು ಅದು. ಗೆಡ್ಡೆ ತುಂಬ ನೀರಿಟ್ಕೊಂಡಿರತ್ತೆ. ಬಿಸಿಲು ಜೋರಾಗಿ ಚಿಗುರು ಬಂದ ಮೇಲೆ ಕೊಡಬೇಕು, ಅದೂ ಮಣ್ಣು ಪೂರ್ತಿ ಒಣಗಿದ್ರೆ."

"ಬಾಯಾರಿದೆ ಅಂತ ಅದು ಬಾಯಿಬಿಟ್ಟು ಹೇಳತ್ತಾ?"

"ಬಾಯಾರಿಲ್ಲ ಅಂತ ನಾನು ಮೊದಲೇ ಬಾಯಿಬಿಟ್ಟು ಹೇಳಿದ್ನಲ್ಲ!"

ಬೀಜದಿಂದ ಬೆಳೆಸಿದ ಗಿಡ. ದಪ್ಪ ಮರಳಿಗೆ ಇಟ್ಟಿಗೆ ಚೂರು ಬೆರೆಸಿ, ಕುಂಡಕ್ಕೆ ಹೆಚ್ಚಿಗೆ ತೂತು ಕೊರೆದು, ಸುಡುವ ಬಿಸಿಲಿನ ಮೂಲೆಯಲ್ಲಿ ಸಾಕಿದ್ದೆ. ಊರಾಚೆಯ ನರ್ಸರಿಯ ಒಡತಿ, ಎಲ್ಲರೂ ಅಕ್ಕ ಅನ್ನುವವರು, ಕಸಿ ಕಟ್ಟಲು ಜನ ಹುಡುಕುತ್ತಿದ್ದರು. "ಸರ್ಟಿಫಿಕೇಟ್ ಬೇಡ. ನೀನೇ ಬೆಳೆಸಿದ ಗಿಡ, ಹೂವಿನ ಸಮೇತ ತಗೊಂಡು ಬಾ" ಅಂದಿದ್ದರು. ಬಟ್ಟೆ ಅಂಗಡಿಯಲ್ಲಿ ಶರ್ಟು ಮಡಚಿ ಮಡಚಿ ರೋಸಿಹೋಗಿದ್ದ ನನಗೆ ಆ ಕೆಲಸ ಬೇಕೇ ಬೇಕಿತ್ತು.

ಗಿಡ ಕಿತ್ತು ಮಣ್ಣು ಕೊಡವಿದೆ. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ ಕೊಳೆತದ್ದನ್ನು ಕೊಯ್ದೆ. ಕಂದು ನೀರು, ಗಬ್ಬುನಾತ. ಅಪ್ಪ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ.

"ಔಷಧಿ ತರಲಾ?"

"ಬೇಡ."

"ಹೊಸ ಕುಂಡ?"

"ನೀನು ಏನೂ ತರಬೇಡ. ಮೊದಲು ಆ ಚೊಂಬು ತರಬೇಡ."

ಅಕ್ಕನಿಗೆ ನಾನೇ ಹೋಗಿ ಹೇಳುವುದು ಮೇಲೆಂದು, ಗಿಡವನ್ನು ಪೇಪರಿನಲ್ಲಿ ಸುತ್ತಿಕೊಂಡು ಹೊರಟೆ. ನರ್ಸರಿ ದೂರ, ಬೈಕ್ ಅಪ್ಪನದು. ವಿಧಿಯಿಲ್ಲದೆ ಹಿಂದೆ ಕೂತೆ.

"ಹೂವೆಲ್ಲಿ?" ಅಂದರು ಅಕ್ಕ.

"ಬುಡಾನೇ ಕೊಳೆತುಹೋಯ್ತು ಅಕ್ಕ. ಉಳಿಸ್ಕೋತೀನಿ. ಸ್ವಲ್ಪ ಟೈಮ್ ಕೊಡಿ."

"ಮನೇಲಿ ಒಂದು ಗಿಡ ಕಾಯಕ್ಕಾಗಿಲ್ಲ, ಇಲ್ಲಿ ಏನು ಕಾಯ್ತೀಯ?"

"ನೀರು ಹಾಕಿದ್ದು ನಾನು" ಎಂದಿತು ಹಿಂದಿನಿಂದ ಅಪ್ಪನ ದನಿ.

"ಅಪ್ಪಾ, ಗೇಟ್ ಹತ್ರ ಇರು ಅಂದಿದ್ನಲ್ಲ."

ಅಕ್ಕ ಇಬ್ಬರಿಗೂ ಗಮನ ಕೊಡದೆ ಗೆಡ್ಡೆ ತಿರುಗಿಸಿ ನೋಡಿ, ಕೈಲಿದ್ದ ಕಸಿ ಚಾಕುವಿನ ತುದಿಯಿಂದ ತೋರಿಸಿದರು. "ಇದೇನು ಕಂದು ಗೆರೆ? ಕೊಳೆ ಇನ್ನೂ ಇಲ್ಲೇ ಇದೆ. ಯಾಕೆ ಬಿಟ್ಟೆ?"

ಕಂಡಿತ್ತು ನನಗೆ. ಅಷ್ಟನ್ನೂ ಕೊಯ್ದರೆ ಗೆಡ್ಡೆಯ ಚಂದದ ತಿರುವೇ ಹೋಗುತ್ತಿತ್ತು. ವರ್ಷಗಟ್ಟಲೆ ಕುಂಡವನ್ನು ಬಿಸಿಲಿಗೆ ತಿರುಗಿಸಿ ತಿರುಗಿಸಿ ಇಟ್ಟು ತಂದ ತಿರುವು.

"ಪಾಪ ಅನ್ನಿಸ್ತಾ?" ಅಂದರು.

ಅಪ್ಪನ ಕಡೆ ನೋಡಲಿಲ್ಲ. ಅಕ್ಕನ ಕೈಯಿಂದ ಚಾಕು ಕಿತ್ತುಕೊಂಡೆ. ಹಲ್ಲು ಕಚ್ಚಿ, ಕಂದು ಚುಕ್ಕೆಯೊಂದೂ ಉಳಿಯದ ಹಾಗೆ ಕೊಯ್ದೆ. ಅರ್ಧ ಗೆಡ್ಡೆಯೂ ಉಳಿಯಲಿಲ್ಲ.

ಅಕ್ಕ ಅದನ್ನು ನೆರಳಿನಲ್ಲಿ ತಂತಿಗೆ ತಲೆಕೆಳಗಾಗಿ ನೇತುಹಾಕಿದರು. "ಗಾಯ ಒಣಗಲಿ, ಆಮೇಲೆ ಮರಳಲ್ಲಿಡ್ತೀನಿ. ಹೂ ಬಿಟ್ರೆ ಹೇಳಿಕಳಿಸ್ತೀನಿ."

"ಅಷ್ಟರಲ್ಲಿ ಬೇರೆಯವರನ್ನ ತಗೊಂಡ್ರೆ?"

"ತಗೋತೀನಿ. ಕೆಲಸ ನಿನಗೋಸ್ಕರ ಕಾಯತ್ತಾ?"

ಹೊರಗೆ ಬಂದವಳು ಬೈಕ್ ಹತ್ತಲಿಲ್ಲ. ಉರಿಬಿಸಿಲಿನಲ್ಲಿ ನಡೆದೇ ಹೊರಟೆ. ಅಪ್ಪ ಇಂಜಿನ್ ಆರಿಸಿ ಬೈಕ್ ತಳ್ಳಿಕೊಂಡು ಹಿಂದೆ ಬಂದ.

"ಸಿಟ್ಟು ಇಳಿದ ಮೇಲೆ ಹತ್ತು" ಅಂದ.

"ಇಳಿಯಲ್ಲ."

"ಆಯ್ತು. ತಳ್ತೀನಿ."