ಬೇವಿನ ಗಿಡದ ಕೆಳಗೆ ಕಾಜಲ್ ಮಾತಾಡಿದಳು

ಮಮದಾಪುರದ ಭರಮವ್ವನಿಗೆ ಅಂದು ಸಿಟ್ಟು ನೆತ್ತಿಗೇರಿತ್ತು. ನಾಲ್ಕು ವರ್ಷದ ಮೊಮ್ಮಗಳು ಕಾಜಲ್ ಅಂಗನವಾಡಿಯಿಂದ ಮೈಯೆಲ್ಲ ಮಣ್ಣು ಮಾಡಿಕೊಂಡು ಬಂದಿದ್ದಳು. ಕೂಸಿನ ಕೈ ಹಿಡಿದು ಅವಳು ನೇರ ಅಂಗನವಾಡಿಗೇ ನಡೆದಳು.

“ಏನ್ರಿ ಟೀಚರ, ಮಣ್ಣಾಗ ದುಡದ ದುಡದ ನಮ್ಮ ಕೈ ಸೀಳ್ಯಾವು. ಈ ಕೂಸರ ಕುರ್ಚಿ ಮ್ಯಾಲ ಕುಂತ ನಾಕ ಅಕ್ಷರ ಕಲೀಲಿ ಅಂದ್ರ, ನೀವೂ ಮಣ್ಣಾಗ ಬಿಡತೀರಲ್ಲ!”

ಅಂಗನವಾಡಿ ಕಾರ್ಯಕರ್ತೆ ಶೋಭಾ ಅವಳನ್ನು ಕೂರಿಸಿ ನೀರು ಕೊಟ್ಟಳು.

“ಭರಮವ್ವಾರ, ಮೂರ ತಿಂಗಳಾತು, ಕಾಜಲ್ ಇಲ್ಲಿ ಒಂದ ಮಾತ ಆಡಿಲ್ಲ. ಗ್ವಾಡಿ ಮ್ಯಾಲಿನ ಚಿತ್ರ ತೋರಿಸಿದ್ರ ತಲಿ ತಗ್ಗಸತಾಳ. ಇವತ್ತ ಹೊರಗ ಕರಕೊಂಡ ಹೋದ್ವಿ ನೋಡ್ರಿ, ಇರಿವಿ ಸಾಲಿನ ಹಿಂದ ಹೊಂಟಾಕಿ ಕರದ್ರೂ ಬರವಲ್ಲು!”

ಭರಮವ್ವನ ದನಿ ಇಳಿಯಿತು. “ಮನ್ಯಾಗೂ ಹಂಗ ರೀ, ಮಾತ ಕಡಿಮಿ. ಡಾಕ್ಟರ ಕಿವಿ ಚಲೋ ಅದಾವ ಅಂದಾರ. ಆದ್ರ ಹೊರಗ ಹುಳಾಹುಪ್ಪಡಿ ಕಡದ್ರ?”

“ಮಕ್ಕಳ ಹೋಗೂಕಿಂತ ಮೊದಲ ನಾವು ಜಾಗಾ ನೋಡಿ ಬರತೇವ್ರಿ. ಇಬ್ಬರ ತಾಯಂದ್ರು ಜೋಡಿ ಇರತಾರ. ಕಾಲುವಿ ಕಡೆ ಹೋಗೂದಿಲ್ಲ. ಬಿಸಲ ಏರೂದ್ರಾಗ ಬಂದ ಸಬ್ಬನ ಹಚ್ಚಿ ಕೈ ತೊಳಸತೇವಿ. ನಾಳೆ ನೀವೂ ಬರ್ರಿ.”

ಮರುದಿನ ಮುಂಜಾನೆ ಹನ್ನೆರಡು ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದು, ರೈಲಿನಂತೆ ಕೂಗುತ್ತ ಊರಂಚಿನ ಬೇವಿನ ಗಿಡದ ಕೆಳಗೆ ಬಂದರು. ಜೊತೆಗೆ ಭರಮವ್ವ, ಇಬ್ಬರು ತಾಯಂದಿರೂ ಇದ್ದರು. ಅಲ್ಲಿ ಗೀಜಗನ ಗೂಡೊಂದು ಗಾಳಿಗೆ ಬಂದು ಬಿದ್ದಿತ್ತು. ಶೋಭಾ ಅದನ್ನು ಎತ್ತಿ ನೋಡಿ, ಮಕ್ಕಳ ನಡುವೆ ಇಟ್ಟಳು. ಪಾಠ ಹೇಳಲಿಲ್ಲ. “ಏನ ಐತಿ ನೋಡ್ರಿ” ಅಂದಳು ಅಷ್ಟೆ.

ಕಾಜಲ್ ಗೂಡನ್ನು ತಿರುಗಿಸಿದಳು. ಬಗ್ಗಿದಳು. ಇಣುಕಿದಳು. ಅಜ್ಜಿಯನ್ನು ಕೂಗಿದಳು.

“ಆಯಿ! ಇದಕ್ಕ ಎರಡ ಬಾಗಲಾ!”

ಎಲ್ಲರೂ ತಿರುಗಿ ನೋಡಿದರು. ಅದು ಕಾಜಲ್‌ಳ ದನಿ! ಶೋಭಾ ಬಾಯಿಗೆ ಸೆರಗು ಹಿಡಿದಳು. ಭರಮವ್ವ ಮೊಮ್ಮಗಳ ಬಾಜೂ ನೆಲದ ಮೇಲೆಯೇ ಕೂತಳು.

“ಹೂಂ ಬಾಳಾ, ಇದ ಪೂರಾ ಆಗಿಲ್ಲ. ಪೂರಾ ಆಗೂಮುಂದ ಒಂದ ಬಾಗಲಾ ಮುಚ್ಚತೈತಿ. ಗಂಡ ಹಕ್ಕಿ ಅರ್ಧಾ ಕಟ್ಟಿ ಹೆಣ್ಣಿಗೆ ತೋರಸತೈತಿ. ಆಕಿ ಒಲ್ಲೆ ಅಂದ್ರ ಅಲ್ಲೇ ಬಿಟ್ಟ ಮತ್ತೊಂದ ಕಟ್ಟತೈತಿ.”

ತಾಯಂದಿರು ಬಿದ್ದು ಬಿದ್ದು ನಕ್ಕರು.

“ಒಳಗ ಮಣ್ಣ ಯಾಕ ಐತಿ?”

“ಗಾಳಿಗೆ ಗೂಡ ಹೊಯ್ದಾಡಬಾರದಂತ, ಭಾರಕ್ಕ. ಬಾಯಾಗ ಹಿಡಕೊಂಡ ತರತೈತಿ.”

“ಎಷ್ಟ ಸಲ ತಂತು?”

ಅದು ಭರಮವ್ವನಿಗೂ ಗೊತ್ತಿರಲಿಲ್ಲ. ಅಜ್ಜಿ, ಮೊಮ್ಮಗಳು ಕೂಡಿ ಮಣ್ಣಿನ ಉಂಡೆ ಎಣಿಸತೊಡಗಿದರು. ಹತ್ತಾದ ಮೇಲೆ ಕಾಜಲ್ ಮತ್ತೆ “ಏಳು” ಅಂದಳು. ಎಲ್ಲ ಮಕ್ಕಳೂ “ಏಳು” ಎಂದು ಕೂಗಿದರು.

ಸಂಜೆ ಕೆಲಸದಿಂದ ಬಂದ ಅಪ್ಪ ವಿಶಾಲನಿಗೆ ಕಾಜಲ್ ಉಸಿರು ಬಿಡದೆ ಗೂಡಿನ ಕಥೆ ಹೇಳಿದಳು. ಅವನು ಚಪ್ಪಲಿ ಬಿಡುವುದನ್ನೂ ಮರೆತು ನಿಂತ.

“ಯವ್ವಾ, ನಾಳೆ ಒಂದ ತಾಸ ತಡಾ ಮಾಡಿ ಕೆಲಸಕ್ಕ ಹೋಗತೇನಿ. ನಾನೂ ಬರಾವ,” ಎಂದು ತಾಯಿಗೆ ಅಂದ.

ಓದುತ್ತಿರುವ ಅಕ್ಕಂದಿರೆ, ಅಣ್ಣಂದಿರೆ, ನಿಮ್ಮೂರಿನ ಅಂಗನವಾಡಿ ಮಕ್ಕಳೂ ವಾರಕ್ಕೆರಡು ಮುಂಜಾನೆಯಾದರೂ ಗಿಡದ ನೆರಳಲ್ಲಿ ಕಲಿಯಲಿ. ಜಾಗ ಹಸನು ಮಾಡಿಕೊಡಿ, ಸರದಿಯಂತೆ ಜೊತೆಗೆ ಹೋಗಿ. ನಿಮಗೆ ಗೊತ್ತಿರುವ ಹಕ್ಕಿ, ಬೆಳೆ, ಎಲೆಗಳ ಹೆಸರು ಹೇಳಿ. ಮಗು ಏನಾದರೂ ಕೇಳಿದರೆ ಅವಸರ ಮಾಡಬೇಡಿ. ಅದರ ಪಕ್ಕ ಕೂತು ನೀವೂ ನೋಡಿ.