ಹ್ಯಾನ್ಲಿಯಲ್ಲಿ ಇಳಿಯದ ಲೋಟ

ಗಂಡನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಈನಿಡ್ ಎಂದಿನ ಓಟ್ಸ್ ದೋಸೆಯ ಅಂಗಡಿಗೆ ಹೋದಳು. ಅಂಗಡಿಯಾಕೆ ರೂಢಿಯಂತೆ ಇಬ್ಬರಿಗಾಗುವಷ್ಟು ಸುತ್ತಿಕೊಟ್ಟಳು. ಈನಿಡ್ ಬೇಡವೆನ್ನಲಿಲ್ಲ. ಮನೆಗೆ ಬಂದು ನಿಂತುಕೊಂಡೇ ತಿಂದಳು. ಅಳು ಬರಲಿಲ್ಲ. ಹೊರಗೆ ಅವಳ ಊರು ಬರ್ಸ್ಲೆಮ್ಮಿನ ಪಿಂಗಾಣಿ ಸುಡುವ ಆವಿಗೆಗಳು ಎಂದಿನಂತೆ ಹೊಗೆ ಬಿಡುತ್ತಿದ್ದವು.

ಗಂಡ ಕ್ಲೆಮೆಂಟ್ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದವನು. ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್ ಮೊದಲಾದ ಆರು ಊರುಗಳು ಕೂಡಿ ಸ್ಟೋಕ್-ಆನ್-ಟ್ರೆಂಟ್ ಎಂಬ ಒಂದೇ ನಗರವಾಗಿ ಆ ವಸಂತಕ್ಕೆ ಐವತ್ತು ವರ್ಷ. ಆ ಕಥೆ ಬರೆಯಲು ಹೊರಟವನು ಫೆಂಟನ್ನಿನ ಥರ್ಜಾ ಬ್ಲೋರ್ ಎಂಬ ಮುದುಕಿಯಿಂದ ಒಂದು ಪಿಂಗಾಣಿ ಲೋಟ ಕೇಳಿ ತಂದಿದ್ದ. ಊರುಗಳು ಕೂಡಿದ ವರ್ಷ ಥರ್ಜಾಳ ತಾಯಿ ಅದರ ಮೇಲೆ ಚಿತ್ರ ಬರೆದಿದ್ದಳು. ಊರಿಗೊಂದರಂತೆ ಐದು ಆವಿಗೆಗಳು ಕೈಕೈ ಹಿಡಿದು ನಿಂತಿವೆ. ಆರನೆಯದು, ಫೆಂಟನ್, ಬೆನ್ನು ತಿರುಗಿಸಿಕೊಂಡು ದೂರದಲ್ಲಿದೆ. ಹೆಸರು ಸ್ಟೋಕಿಗೆ ಹೋಯಿತು, ಅಂಗಡಿಬೀದಿ ಹ್ಯಾನ್ಲಿಗೆ, ನಮಗೇನು ಬಂತು ಎಂದು ಮುದುಕಿ ಇಂದಿಗೂ ಕೇಳುತ್ತಿದ್ದಳು. ಲೋಟ ಕೊಡುವಾಗ ಅವಳು ಹಾಕಿದ ಷರತ್ತು ಒಂದೇ: ಇದನ್ನು ಹ್ಯಾನ್ಲಿಯಲ್ಲಿ ಇಡಕೂಡದು. ಕ್ಲೆಮೆಂಟ್ ಮಾತು ಕೊಟ್ಟಿದ್ದ.

ಹತ್ತು ಗಂಟೆಗೆ ಹ್ಯಾನ್ಲಿಯಿಂದ ಐವತ್ತರ ಉತ್ಸವ ಸಮಿತಿಯ ಬ್ರಿಂಡ್ಲಿ ಬಂದ. ಒಳ್ಳೆಯ ಮನುಷ್ಯ, ನಿನ್ನೆ ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ. ಹ್ಯಾನ್ಲಿಯ ಪ್ರದರ್ಶನಕ್ಕೆ ಲೋಟ ಬೇಕೆಂದ. ಪಕ್ಕದಲ್ಲಿ ಕ್ಲೆಮೆಂಟನ ಹೆಸರು ಬರೆಸುತ್ತೇವೆ, ಊರೆಲ್ಲ ಓದುತ್ತದೆ ಎಂದ. ಫೆಂಟನ್ನಿನವರಂತೂ ಹ್ಯಾನ್ಲಿಗೆ ಬಂದು ನೋಡುವವರಲ್ಲ ಎಂದು ನಕ್ಕ.

ಗಾಜಿನ ಹಿಂದೆ ಆ ಹೆಸರು ಈನಿಡ್‌ಳ ಕಣ್ಣಿಗೆ ಕಟ್ಟಿತು. ಅವಳು ಟೀ ಬಗ್ಗಿಸಿ ಅವನ ಮುಂದಿಟ್ಟು, ಇದನ್ನು ಹ್ಯಾನ್ಲಿಯಲ್ಲಿ ಇಡುವುದಿಲ್ಲವೆಂದು ಕ್ಲೆಮೆಂಟ್ ಮಾತು ಕೊಟ್ಟಿದ್ದ ಎಂದಳು.

"ಮಾತು ಕೊಟ್ಟೋನೇ ಹೋದ್ನಲ್ಲಮ್ಮ," ಎಂದ ಬ್ರಿಂಡ್ಲಿ. "ಇನ್ಯಾರು ಕೇಳ್ತಾರೆ?"

"ನಾನೇ ಕೇಳ್ತೀನಿ," ಎಂದಳು ಈನಿಡ್. "ಟೀ ಆರಿಹೋಗತ್ತೆ, ಕುಡೀರಿ."

ಅವನು ಹೋದಮೇಲೆ ಲೋಟವನ್ನು ಟವಲಿನಲ್ಲಿ ಸುತ್ತಿ ಫೆಂಟನ್ನಿನ ಬಸ್ಸು ಹತ್ತಿದಳು. ಕೀಲ್ ಕಾಲೇಜಿನಲ್ಲಿ ಓದುವಾಗ ಈ ಆರು ಊರುಗಳ ಕೂಟ ಅವಳಿಗೆ ಬರೀ ಒಂದು ಇಸವಿಯಾಗಿತ್ತು. ಬಸ್ಸು ಹ್ಯಾನ್ಲಿಯಲ್ಲಿ ಬಹಳ ಹೊತ್ತು ನಿಂತಿತು. ಅರ್ಧ ಬಸ್ಸು ಇಳಿಯಿತು. ಅವಳು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು.

ಥರ್ಜಾ ಬಾಗಿಲು ತೆರೆದಳು. ಕರಿ ಬಟ್ಟೆ ನೋಡಿದಳು, ಗಂಟು ನೋಡಿದಳು, ಕೈ ಚಾಚಲಿಲ್ಲ.

"ಹ್ಯಾನ್ಲಿಗೆ ಹೋಗಿತ್ತೇನೇ ಇದು?"

"ಹಾದು ಬಂತು ಅಜ್ಜಿ. ಬಸ್ಸಿಗೆ ಬೇರೆ ದಾರಿ ಇಲ್ಲ. ಇಳೀಲಿಲ್ಲ."

ಮುದುಕಿಯ ತುಟಿ ಅಲುಗಿತು. "ಇಳಿದಿದ್ರೆ ತೊಳೆದೇ ಒಳಗೆ ತಗೋತಿದ್ದೆ." ಆಮೇಲೆ ದನಿ ತಗ್ಗಿಸಿ ಕೇಳಿದಳು: "ಅವನ ಬರವಣಿಗೆ ಏನಾಯ್ತು ಮಗಳೇ?"

"ಅರ್ಧ ಆಗಿದೆ. ಉಳಿದದ್ದು ನಾನು ಬರೀತೀನಿ. ನಿಮ್ಮಮ್ಮನ ಚಿತ್ರದಲ್ಲಿ ಇದ್ದ ಹಾಗೇ ಬರೀತೀನಿ, ಬೆನ್ನು ಮಾಡಿರೋ ಫೆಂಟನ್ನನ್ನ ಈಚೆ ತಿರುಗಿಸೋದಿಲ್ಲ."

ಈನಿಡ್ ಟವಲು ಬಿಚ್ಚಿ ಲೋಟವನ್ನು ಮುದುಕಿಯ ಎರಡೂ ಕೈಗೆ ಕೊಟ್ಟಳು.